ಇಸಿಜಿ ಕೋಣೆಯ ಹಳೆಯ ಪೆಟ್ಟಿಗೆ

ಎಚ್ಚರಿಕೆಯ ಆ ಸಾಲು ಎರಡು ವರ್ಷದಿಂದ ದಿನಾ ಬರುತ್ತಿತ್ತು. ಸರ್ವರಿನ ಲಾಗ್, ಅಂದರೆ ಅದು ತಾನೇ ಬರೆದಿಡುವ ದಿನಚರಿ, ತೆರೆದರೆ ಮೊದಲ ಪುಟದಲ್ಲೇ ಕಾಣುತ್ತಿತ್ತು: ನೀವು ಬಳಸುತ್ತಿರುವ ಸೈಫರ್ ಹಳತಾಗಿದೆ, ಮುಂದಿನ ಆವೃತ್ತಿಗಳಲ್ಲಿ ಇದಕ್ಕೆ ಬೆಂಬಲ ಇರುವುದಿಲ್ಲ. ಓದಿ, ಆಯಿತು ಬಿಡಪ್ಪ ಅಂದುಕೊಂಡು ಕೆಳಗೆ ಸರಿಯುತ್ತಿದ್ದೆ. ‘ಇಲ್ಲಿ ಉಗುಳಬಾರದು’ ಎಂಬ ಗೋಡೆ ಬರಹ ದಿನಾ ನೋಡುವವನಿಗೆ ಕಾಣುವುದೇ ನಿಂತುಹೋಗುತ್ತದಲ್ಲ, ಹಾಗೆ.

ನಾನು ಹೊಸಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವವನು. ಇಡೀ ವಿಭಾಗಕ್ಕೆ ನಾನೊಬ್ಬನೇ. ಟ್ರಸ್ಟಿಗೆ ಸುತ್ತಲ ಊರುಗಳಲ್ಲಿ ಆರು ಸಣ್ಣ ಸೆಂಟರುಗಳಿವೆ. ಸಂಡೂರಿನಲ್ಲೊಂದು, ವಡ್ಡು ರಸ್ತೆಯಲ್ಲೊಂದು, ಗಾದಿಗನೂರು ಕಡೆ ಒಂದು, ಕಂಪ್ಲಿ ಕಡೆ ಒಂದು, ಹೀಗೆ. ಪ್ರತಿ ಸೆಂಟರಿನಲ್ಲಿ ಒಬ್ಬ ನರ್ಸ್, ನೋಂದಣಿಗೊಂದು ಕಂಪ್ಯೂಟರ್, ಒಂದು ಇಸಿಜಿ ಮಷಿನ್. ಡಾಕ್ಟರ್ ವಾರಕ್ಕೊಮ್ಮೆ ಬಂದುಹೋಗುತ್ತಾರೆ. ಉಳಿದ ದಿನ ಎದೆನೋವು ಅಂತ ಯಾರಾದರೂ ಬಂದರೆ ನರ್ಸ್ ಇಸಿಜಿ ತೆಗೆದು ಕಳಿಸಬೇಕು, ಹೊಸಪೇಟೆಯಲ್ಲಿ ಹೃದಯದ ಡಾಕ್ಟರ್ ನೋಡಿ ಫೋನ್ ಮಾಡಬೇಕು. ಮನೆಗೆ ಕಳಿಸಿ, ಅಥವಾ ಈ ಮಾತ್ರೆ ಕೊಟ್ಟು ಈಗಲೇ ಗಾಡಿ ಹತ್ತಿಸಿ. ಆ ಎರಡು ಮಾತುಗಳಲ್ಲಿ ಒಂದಕ್ಕಾಗಿಯೇ ಈ ಏರ್ಪಾಟೆಲ್ಲ.

ಆ ಇಸಿಜಿ ದಾರಿಯಲ್ಲಿ ಯಾರ ಕಣ್ಣಿಗೂ ಬೀಳಬಾರದು ಅಂತಲೇ ವಿಪಿಎನ್. ಎಲ್ಲರೂ ಓಡಾಡುವ ಇಂಟರ್ನೆಟ್ಟಿನೊಳಗೆ ನಮ್ಮದೇ ಒಂದು ಸುರಂಗ ಅನ್ನಿ. ಸೆಂಟರಿನಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ, ಆಸ್ಪತ್ರೆಯಲ್ಲಿ ಸರ್ವರ್. ಇವೆರಡರ ನಡುವೆ ಹೋಗುವುದೆಲ್ಲ ಬೀಗ ಹಾಕಿಸಿಕೊಂಡೇ ಹೋಗುತ್ತದೆ. ಸೈಫರ್ ಅಂದರೆ ಆ ಬೀಗದ ಜಾತಿ. ನಮ್ಮದು ಬ್ಲೋಫಿಶ್ ಎಂಬ ಹಳೆಯ ಜಾತಿ. ಒಂದು ಕಾಲಕ್ಕೆ ಒಳ್ಳೆಯ ಬೀಗವೇ, ಈಗ ಕಳ್ಳರಿಗೆ ಅದರ ಗುಟ್ಟು ತಿಳಿದಿದೆ.

ದಸರೆಗೆ ಇನ್ನೂ ಒಂದು ತಿಂಗಳಿರುವಾಗ ಹೊರಗಿನಿಂದ ತಪಾಸಣೆಗೆ ಬಂದವರು ನಮ್ಮಲ್ಲಿ ಎರಡು ತಪ್ಪು ಬರೆದುಹೋದರು. ಒಂದು, ವಿಪಿಎನ್ ಸಾಫ್ಟ್‌ವೇರೂ ಅದರ ಸೈಫರೂ ಹಳೆಯವು. ಎರಡು, ಸೆಂಟರಿನವರು ರೋಗಿಗಳ ಕಾಗದಗಳನ್ನು ವಾಟ್ಸ್ಯಾಪ್‌ನಲ್ಲಿ ಕಳಿಸುತ್ತಾರೆ. ನಮ್ಮ ಆಡಳಿತಾಧಿಕಾರಿ ಎರಡನ್ನೂ ನನ್ನ ತಲೆಗೆ ಕಟ್ಟಿ, ಹಬ್ಬ ಮುಗಿಯುವುದರೊಳಗೆ ಎರಡೂ ಸರಿಯಾಗಬೇಕು ಅಂದರು.

ವಾಟ್ಸ್ಯಾಪ್ ವಿಷಯದಲ್ಲಿ ದೊಡ್ಡ ಅಪರಾಧಿ ಕಂಪ್ಲಿ ಕಡೆಯ ಸೆಂಟರಿನ ನರ್ಸ್. ಅವರ ತಂದೆ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು, ಮಗಳಿಗೂ ಮಷಿನ್ ಅಂದರೆ ಭಯವಿಲ್ಲ. ಕೆಲಸ ಕಂಟ್ರಾಕ್ಟಿನದು. ಆರು ಸೆಂಟರುಗಳಲ್ಲಿ ಅವರಷ್ಟು ಚುರುಕಿನವರು ಇನ್ನೊಬ್ಬರಿಲ್ಲ. ಇಸಿಜಿಯನ್ನು ಮಷಿನ್ನಿನಿಂದ ಕಳಿಸಿದ ಮೇಲೆ ಅದರ ಫೋಟೋ ಹೊಡೆದು ಡಾಕ್ಟರರ ಫೋನಿಗೂ ಒಂದು ಹಾಕುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, ಎರಡು ಕಡೆಯಿಂದ ಕಳಿಸಿದರೆ ಒಂದಾದರೂ ಮುಟ್ಟುತ್ತದೆ ಅಂದರು. ನನಗೆ ರೇಗಿತು. ನನಗೆ ರೇಗುವುದಕ್ಕೆ ದೊಡ್ಡ ಕಾರಣ ಬೇಕಾಗಿಲ್ಲ, ಮನೆಯಲ್ಲಿ ಕೇಳಿದರೆ ಹೇಳುತ್ತಾರೆ. ಸುರಂಗ ಇರುವುದು ಯಾತಕ್ಕೆ, ನಾನು ಇರುವುದು ಯಾತಕ್ಕೆ, ರೋಗಿಯ ಕಾಗದ ಊರ ತುಂಬ ಹರಿದಾಡಲಿಕ್ಕೆ ಅದೇನು ಮದುವೆ ಕಾರ್ಡೇ ಅಂತ ಫೋನಿನಲ್ಲೇ ಹಾರಾಡಿದೆ. ಆಮೇಲೆ ಒಂದು ನೋಟಿಸು ಬರೆದು ಆರೂ ಸೆಂಟರಿನವರಿಂದ ಸಹಿ ಮಾಡಿಸಿಕೊಂಡೆ. ಅವರು ಸಹಿ ಮಾಡಿ, “ಆತ್ರಿ ಅಣ್ಣಾ, ಇನ್ನ ಕಳ್ಸಂಗಿಲ್ಲ” ಅಂದರು. ಹೇಳಿದಂತೆ ನಿಲ್ಲಿಸಿಯೂ ಬಿಟ್ಟರು.

ಇನ್ನು ಸರ್ವರಿನ ಕೆಲಸ. ಮೂಲೆಯಲ್ಲಿದ್ದ ಒಂದು ಹಳೆಯ ಕಂಪ್ಯೂಟರಿನ ಮೇಲೆ ಸರ್ವರಿನ ಪ್ರತಿ ಮಾಡಿ ಹೊಸ ಆವೃತ್ತಿಯನ್ನು ಅಲ್ಲಿ ಹಾಕಿ ನೋಡಿದೆ. ಅದು ಏಳಲೇ ಇಲ್ಲ. ಸೈಫರ್ ಬಗ್ಗೆ ಮಾತುಕತೆ ಬೇಡ, ನಾನು ಹೇಳಿದ್ದನ್ನೇ ಬಳಸು ಅನ್ನುವ ಒಂದು ಸಾಲು ಸರ್ವರಿಗೆ ಆದೇಶ ಬರೆದಿಡುವ ನಮ್ಮ ಕಾನ್ಫಿಗ್ ಫೈಲಿನಲ್ಲಿತ್ತು. ಹೊಸ ಆವೃತ್ತಿಯಲ್ಲಿ ಆ ಸಾಲನ್ನೇ ಕಿತ್ತು ಹಾಕಿದ್ದಾರೆ, ಕಂಡರೆ ಅರ್ಥವಾಗುತ್ತಿಲ್ಲ ಅಂತ ಕೂತುಬಿಡುತ್ತದೆ. ತೆಗೆದೆ, ಎದ್ದಿತು. ಆದರೆ ಯಾವ ಹಳೆಯ ಪೆಟ್ಟಿಗೆಯೂ ಜೋಡಣೆಯಾಗಲಿಲ್ಲ. ಈಗ ಎರಡೂ ಕಡೆಯವರು ತಮ್ಮ ತಮ್ಮ ಸೈಫರುಗಳ ಪಟ್ಟಿ ತೋರಿಸಿ, ಇಬ್ಬರಲ್ಲೂ ಇರುವ ಒಂದನ್ನು ಆರಿಸಿಕೊಳ್ಳಬೇಕು. ಹೊಸ ಸರ್ವರಿನ ಪಟ್ಟಿಯಲ್ಲಿ ಇರುವುದು ಎಇಎಸ್ ಎಂಬ ಹೊಸ ಜಾತಿಯವು. ಬ್ಲೋಫಿಶ್ ಒಂದನ್ನೇ ಬಲ್ಲ ಪೆಟ್ಟಿಗೆಗೂ ಅದಕ್ಕೂ ಸಮಾನವಾದದ್ದು ಏನೂ ಇಲ್ಲ.

ಅದಕ್ಕೂ ಒಂದು ದಾರಿ ಇಟ್ಟಿದ್ದಾರೆ. ಪಟ್ಟಿ ಹೊಂದದೆ ಹೋದರೆ ಈ ಹಳೆಯದನ್ನು ಬಳಸು ಅಂತ ಫಾಲ್‌ಬ್ಯಾಕ್ ಎಂಬ ಒಂದು ಸಾಲು ಬರೆಯಬಹುದು. ಅಷ್ಟೇ ಸಾಲದು, ಹಳೆಯ ಬೀಗಗಳನ್ನೆಲ್ಲ ಈಗ ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿರುತ್ತಾರೆ, ಅದನ್ನೂ ಹೆಸರು ಹೇಳಿ ತೆರೆಯಬೇಕು. ಎರಡನ್ನೂ ಮಾಡಿದ ಮೇಲೆ ಪೆಟ್ಟಿಗೆ ಜೋಡಣೆಯಾಯಿತು, ಆದರೆ ಇಸಿಜಿ ಅರ್ಧಕ್ಕೆ ನಿಂತಿತು. ಅದು ಕಂಪ್ರೆಷನ್ನಿನ ತಕರಾರು. ಹಳೆಯ ಪೆಟ್ಟಿಗೆ ಎಲ್ಲವನ್ನೂ ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ, ಹೊಸದಕ್ಕೆ ಅದು ಬೇಡ. ಅದನ್ನು ಸರಿಮಾಡಲಿಕ್ಕೆ ಎರಡು ದಿನ ಹಿಡಿಯಿತು. ಇಷ್ಟಾದ ಮೇಲೆ ನನ್ನ ಯೋಜನೆ ಹೀಗಿತ್ತು: ಫಾಲ್‌ಬ್ಯಾಕ್ ಇಟ್ಟುಕೊಂಡೇ ಸರ್ವರ್ ಬದಲಿಸುವುದು, ಯಾವ ಪೆಟ್ಟಿಗೆ ಹಳೆಯ ಬೀಗದಲ್ಲಿ ಬರುತ್ತದೆ ಅಂತ ಲಾಗ್ ನೋಡಿ ಪಟ್ಟಿ ಮಾಡುವುದು, ಪಟ್ಟಿಯಲ್ಲಿ ಬಂದ ಪೆಟ್ಟಿಗೆಗಳನ್ನು ಬದಲಿಸುವುದು, ಕೊನೆಗೆ ಫಾಲ್‌ಬ್ಯಾಕ್ ಸಾಲು ಅಳಿಸುವುದು. ಇಂದಿಗೂ ಯಾರಾದರೂ ಕೇಳಿದರೆ ಇದೇ ಕ್ರಮ ಹೇಳುತ್ತೇನೆ. ಕ್ರಮದಲ್ಲಿ ತಪ್ಪಿರಲಿಲ್ಲ.

ದಿನ ಯಾವುದು ಅಂತ ಯೋಚಿಸಿದೆ. ಮಹಾನವಮಿ, ವಿಜಯದಶಮಿ ಎರಡು ದಿನ ಸೆಂಟರುಗಳಲ್ಲಿ ಜನ ಕಡಿಮೆ. ಅರ್ಧ ಗಂಟೆ ಸುರಂಗ ಕಡಿದರೂ ಯಾರಿಗೂ ತೊಂದರೆಯಿಲ್ಲ. ನವಮಿಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಆಯುಧಪೂಜೆ ಆಯಿತು. ಆಂಬುಲೆನ್ಸಿಗೆ ಬಾಳೆಕಂಬ ಕಟ್ಟಿದರು, ಎಕ್ಸ್‌ರೇ ಮಷಿನ್ನಿಗೆ ಕುಂಕುಮ ಇಟ್ಟರು. ನಾನೂ ಸರ್ವರಿಗೆ ವಿಭೂತಿ ಬಳಿದು, ಚೆಂಡುಹೂವು ಇಟ್ಟು, ಕೈಮುಗಿದು ಕೆಲಸಕ್ಕೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಹೊಸ ಆವೃತ್ತಿ ನಡೆಯುತ್ತಿತ್ತು. ಒಂದೊಂದೇ ಪೆಟ್ಟಿಗೆ ಬಂದು ಜೋಡಣೆಯಾಯಿತು. ದಶಮಿಯ ಸಂಜೆಯವರೆಗಿನ ಲಾಗ್ ತೆಗೆದು ಪಟ್ಟಿ ಮಾಡಿದೆ. ಆರು ಸೆಂಟರಿನಲ್ಲಿ ನಾಲ್ಕು ಹೊಸ ಬೀಗದಲ್ಲಿ, ಸಂಡೂರು ಮತ್ತು ವಡ್ಡು ರಸ್ತೆಯವು ಎರಡು ಹಳೆಯದರಲ್ಲಿ. ಕಂಪ್ಲಿ ಕಡೆಯದು ಹೊಸ ಬೀಗದ ಸಾಲಿನಲ್ಲಿತ್ತು. ಎದುರಿಗೆ ಟಿಕ್ ಹಾಕಿದೆ.

ಆ ಸೆಂಟರಿನಲ್ಲಿ ಪೆಟ್ಟಿಗೆಗಳು ಎರಡಿದ್ದವು. ನೋಂದಣಿ ಮೇಜಿನ ಮೇಲೆ ಹೊಸದು. ಹಿಂದಿನ ಇಸಿಜಿ ಕೋಣೆಯಲ್ಲಿ ಒಂದು ಹಳೆಯದು. ಕೊರೊನಾ ಕಾಲದಲ್ಲಿ ಇಸಿಜಿಯನ್ನು ಹಿಂದಿನ ಕೋಣೆಗೆ ಸಾಗಿಸಿದಾಗ ಗಡಿಬಿಡಿಯಲ್ಲಿ ತಂದಿಟ್ಟು, ಹೆಸರು ಕೊಡಲೂ ಪುರುಸೊತ್ತಿಲ್ಲದೆ ‘ಸ್ಪೇರ್’ ಅಂತ ಬರೆದು, ರಿಜಿಸ್ಟರಿನಲ್ಲಿ ಸೇರಿಸುವುದನ್ನು ಮರೆತದ್ದು. ತಂದಿಟ್ಟವನು ನಾನೇ. ನವಮಿಯ ಬೆಳಿಗ್ಗೆ ನರ್ಸ್ ಆ ಕೋಣೆ ತೊಳೆದು, ಮಷಿನ್ನನ್ನೂ ಪೆಟ್ಟಿಗೆಯನ್ನೂ ಒರೆಸಿ, ಸ್ವಿಚ್ ಆರಿಸಿ, ಪೂಜೆ ಮಾಡಿದ್ದರು. ಬಂದವರ ಹೆಸರು ಬರೆಯಬೇಕಲ್ಲ ಅಂತ ನೋಂದಣಿ ಮೇಜಿನದನ್ನು ಮಾತ್ರ ಆರಿಸಿರಲಿಲ್ಲ. ಪೂಜೆ ಮಾಡಿದ ಆಯುಧವನ್ನು ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಮುಟ್ಟುವುದಿಲ್ಲ. ಗಿರಣಿಯಲ್ಲಿ ಅವರ ತಂದೆ ಹಾಗೆಯೇ ಮಾಡುತ್ತಿದ್ದರು, ನಮ್ಮ ಕಡೆ ಎಲ್ಲ ಗಿರಣಿಗಳೂ ಹಾಗೆಯೇ ಮಾಡುತ್ತವೆ. ಆ ಎರಡು ದಿನ ತುರ್ತಿನವರನ್ನು ಕಂಪ್ಲಿ ಪೇಟೆಗೆ ಕಳಿಸುವುದೆಂದು ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದರು. ನಾನು ಲಾಗ್ ನೋಡಿದ ಎರಡೇ ಎರಡು ದಿನ ಆ ಪೆಟ್ಟಿಗೆ ಹೂವಿನ ಕೆಳಗೆ ಆರಿ ಕೂತಿತ್ತು. ಹುಟ್ಟಿದಾಗಿನಿಂದ ಇದೇ ಹಬ್ಬ ಮಾಡಿದ ನನಗೆ ಅದು ಹೊಳೆಯಲಿಲ್ಲ.

ಮರುದಿನದಿಂದ ಅದು ಹೊತ್ತಿ, ಹಳೆಯ ಬೀಗದಲ್ಲೇ ಬಂದು ಜೋಡಣೆಯಾಗಿತ್ತು. ಲಾಗ್‌ನಲ್ಲಿ ಆ ಸಾಲುಗಳು ಈಗಲೂ ಇವೆ. ಆದರೆ ನನ್ನ ಪಟ್ಟಿ ಮುಗಿದಿತ್ತು. ಎರಡು ದಿನ ಸಂಡೂರಿಗೂ ವಡ್ಡು ರಸ್ತೆಗೂ ಬೈಕಿನಲ್ಲಿ ತಿರುಗಿ ಪೆಟ್ಟಿಗೆ ಬದಲಿಸುವುದರಲ್ಲಿ ಲಾಗ್ ತೆರೆಯುವ ಗೋಜಿಗೆ ಹೋಗಲಿಲ್ಲ. ಎರಡನೆಯ ದಿನ ಸಂಜೆ ಬಂದು ಫಾಲ್‌ಬ್ಯಾಕ್ ಸಾಲು ಅಳಿಸಿದೆ. ಹಳೆಯ ಬೀಗಗಳ ಕೋಣೆ ಮುಚ್ಚಿದೆ. ಕಾನ್ಫಿಗ್ ಫೈಲ್ ಹದಿನಾಲ್ಕು ಸಾಲಿಗೆ ಇಳಿಯಿತು. ಸಾಲು ಅಳಿಸುವುದು ನನಗೆ ಬಹಳ ಪ್ರೀತಿಯ ಕೆಲಸ, ಬರೆಯುವುದಕ್ಕಿಂತ ಪ್ರೀತಿಯದು. ಎಲ್ಲ ಸೆಂಟರಿನವರೂ ನೋಡಿ ಹೇಳಿ ಅಂತ ಗುಂಪಿಗೆ ಸಂದೇಶ ಹಾಕಿದೆ. ಆರು ಹೆಬ್ಬೆರಳು ಬಂದವು. ಕಂಪ್ಲಿ ಕಡೆಯ ನರ್ಸ್ ನೋಂದಣಿ ಕಂಪ್ಯೂಟರ್ ತೆರೆದು ನೋಡಿದ್ದರು, ಅದು ಸರಿಯಾಗಿಯೇ ಇತ್ತು. ಅಂದು ಮನೆಗೆ ಹೋಗುವಾಗ ಮೈಸೂರು ಪಾಕ್ ಕಟ್ಟಿಸಿಕೊಂಡು ಹೋದೆ.

ಮರುದಿನ ಬೆಳಿಗ್ಗೆ ನಾನು ಸಂಡೂರಿನಲ್ಲಿದ್ದೆ. ಹೊಸ ಪೆಟ್ಟಿಗೆಯನ್ನು ಗೋಡೆಗೆ ಹೊಡೆಯುವ ಕೆಲಸವೊಂದು ಬಾಕಿ ಇತ್ತು. ಹನ್ನೊಂದಕ್ಕೆ ಆಸ್ಪತ್ರೆಯ ಡ್ಯೂಟಿ ರೂಮಿನಿಂದ ಫೋನ್ ಬಂತು. ಕಂಪ್ಲಿ ಕಡೆಯಿಂದ ಇಸಿಜಿ ಕಳಿಸಿದೆವು ಅನ್ನುತ್ತಿದ್ದಾರೆ, ಇಲ್ಲಿ ಬಂದಿಲ್ಲ, ಸ್ವಲ್ಪ ನೋಡಿ. ಲ್ಯಾಪ್‌ಟಾಪ್ ತೆರೆದು ಲಾಗ್‌ಗೆ ಹೋದೆ. ಪುಟದ ತುಂಬ ಒಂದೇ ಸಾಲು, ನಿಮಿಷಕ್ಕೊಮ್ಮೆ, ನಿನ್ನೆ ಸಂಜೆಯಿಂದ: ಸರ್ವರಿಗೂ ಈ ಪೆಟ್ಟಿಗೆಗೂ ಸಮಾನವಾದ ಸೈಫರ್ ಇಲ್ಲ. ಪೆಟ್ಟಿಗೆಯ ಹೆಸರು ಸ್ಪೇರ್. ಒಂದು ಕ್ಷಣ ಇದು ಯಾರದಪ್ಪ ಅನ್ನಿಸಿತು. ಆಮೇಲೆ ಹಿಂದಿನ ಕೋಣೆ ಕಣ್ಣಿಗೆ ಕಟ್ಟಿತು. ಎರಡು ಸಲ ಪಾಸ್‌ವರ್ಡ್ ತಪ್ಪು ಹೊಡೆದೆ. ಅಳಿಸಿದ ಸಾಲನ್ನು ಮತ್ತೆ ಬರೆದು, ಹಳೆಯ ಬೀಗಗಳ ಕೋಣೆ ತೆರೆದು, ಸರ್ವರ್ ಏಳಿಸಿದೆ. ಆರು ನಿಮಿಷ ಆಯಿತು. ಸ್ಪೇರ್ ಬಂದು ಜೋಡಣೆಯಾಯಿತು. ಸರದಿಯಲ್ಲಿ ಸಿಕ್ಕಿಕೊಂಡಿದ್ದ ಮೂರು ಇಸಿಜಿಗಳು ಒಂದರ ಹಿಂದೆ ಒಂದು ಹೊಸಪೇಟೆಯಲ್ಲಿ ಬಂದು ಬಿದ್ದವು. ಮೂರರ ಮೇಲೂ ಒಂದೇ ಹೆಸರಿತ್ತು.

ಆ ಬೆಳಿಗ್ಗೆ ಅಲ್ಲಿ ಏನಾಯಿತು ಅನ್ನುವುದು ನನಗೆ ಆಮೇಲೆ ತಿಳಿದದ್ದು. ಬಂದವನು ಮೆಟ್ರಿ ಕಡೆಯ ನೀರಗಂಟಿ, ಕಾಲುವೆಯಿಂದ ಗದ್ದೆಗಳಿಗೆ ಸರದಿಯ ನೀರು ಬಿಡುವವನು. ತೂಬು ತಿರುಗಿಸುವಾಗ ಎದೆ ಹಿಡಿದುಕೊಂಡಿತಂತೆ. ಹೆಂಡತಿಯನ್ನು ಕೂರಿಸಿಕೊಂಡು ತಾನೇ ಮೊಪೆಡ್ ಓಡಿಸಿಕೊಂಡು ಬಂದಿದ್ದ. ನರ್ಸ್ ಹತ್ತೂ ಇಪ್ಪತ್ತೈದಕ್ಕೆ ಇಸಿಜಿ ತೆಗೆದು ಕಳಿಸಿದರು. ಪರದೆಯ ಮೇಲೆ ಹಸಿರು ಟಿಕ್ ಬಂತು. ಆ ಟಿಕ್‌ಗೆ ಅರ್ಥ ಸರದಿಗೆ ಸೇರಿತು ಅಂತ ಮಾತ್ರ, ಮುಟ್ಟಿತು ಅಂತಲ್ಲ. ಅದು ನನಗೆ ಗೊತ್ತಿತ್ತು, ಅವರಿಗೆ ಯಾರೂ ಹೇಳಿರಲಿಲ್ಲ. ಪೆಟ್ಟಿಗೆಯ ದೀಪವೂ ಹಸಿರೇ. ಇಂಟರ್ನೆಟ್ ಇದ್ದರೆ ಅದು ಹಸಿರು, ಸುರಂಗಕ್ಕೆ ಬೇರೆ ದೀಪವಿಲ್ಲ. ನಿಯಮದಂತೆ ಡಾಕ್ಟರರ ಫೋನಿಗೆ ಹದಿನೈದು ನಿಮಿಷ ಕಾದು, ಬರದಿದ್ದಾಗ ತಾವೇ ಡ್ಯೂಟಿ ರೂಮಿಗೆ ಮಾಡಿದರು. ಅಲ್ಲಿಯವರು ಬಂದಿಲ್ಲ, ಮತ್ತೆ ಕಳಿಸಿ ಅಂದರು. ಮತ್ತೆ ಕಳಿಸಿದರು, ಮತ್ತೆ ಟಿಕ್. ಮೂರನೆಯ ಸಲವೂ ಹಾಗೆಯೇ. ನಿಯಮದಲ್ಲಿ ಕೊಡಬಹುದಾದ ಒಂದು ಮಾತ್ರೆ ಕೊಟ್ಟರು. ಫೋನ್ ಕೈಯಲ್ಲಿ ಹಿಡಿದು ಫೋಟೋ ಹೊಡೆದರು, ಕಳಿಸಲಿಲ್ಲ. ಫೋಟೋ ಹೊಡೆದದ್ದು ಹತ್ತೂ ನಲವತ್ನಾಲ್ಕಕ್ಕೆ, ಕಳಿಸಿದ್ದು ಹನ್ನೊಂದು ಆದ ಮೇಲೆ. ನಡುವಿನ ಅಷ್ಟೂ ಹೊತ್ತು ಅವರ ಮನಸ್ಸಿನಲ್ಲಿದ್ದದ್ದು ನಾನು ಸಹಿ ಮಾಡಿಸಿಕೊಂಡ ನೋಟಿಸು.

ಕಳಿಸಿದ ಫೋಟೋವನ್ನು ಡಾಕ್ಟರ್ ನೋಡಲಿಲ್ಲ. ಫೋಟೋ ಬರುವುದು ನಿಂತಿದೆ ಅಂತ ಅವರೂ ಫೋನ್ ನೋಡುವುದು ಬಿಟ್ಟಿದ್ದರು. ಮೂರು ಇಸಿಜಿ ಒಟ್ಟಿಗೆ ಬಿದ್ದಾಗ ನೋಡಿ ತಕ್ಷಣ ಫೋನ್ ಮಾಡಿದರು. ಗಾಡಿ ಹೊರಟಿತು. ದಾರಿಯಲ್ಲಿ ಕಮಲಾಪುರ ಇನ್ನೂ ಬಂದಿರಲಿಲ್ಲ, ನೀರಗಂಟಿ ಗಾಡಿಯಲ್ಲೇ ಹೋಗಿಬಿಟ್ಟ.

ಸುದ್ದಿ ನನಗೆ ಮುಟ್ಟಿದ್ದು ಸಂಡೂರಿನಿಂದ ವಾಪಸು ಬರುವ ದಾರಿಯಲ್ಲಿ. ಬೈಕ್ ನಿಲ್ಲಿಸಿ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತೆ. ಅದಿರಿನ ಲಾರಿಗಳು ಹೋಗುತ್ತಿದ್ದವು. ಕೆಂಪು ಧೂಳು ಕುಡಿಯುತ್ತಾ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಅಳು ಬಂತು. ನಲವತ್ತು ದಾಟಿದ ಗಂಡಸು ಹೆಲ್ಮೆಟ್ ಹಾಕಿಕೊಂಡೇ ಅಳುತ್ತಿದ್ದರೆ ಯಾರಿಗೂ ತಿಳಿಯುವುದಿಲ್ಲ, ಅದೊಂದು ಅನುಕೂಲ.

ಮೂರನೆಯ ದಿನ ಆಡಳಿತಾಧಿಕಾರಿಯ ಕೋಣೆಯಲ್ಲಿ ವಿಚಾರಣೆ. ಡಾಕ್ಟರ್ ಇದ್ದರು, ನಾನಿದ್ದೆ. ಮೊದಲ ಇಸಿಜಿ ಆಗಲೇ ಬಂದಿದ್ದರೆ ಉಳಿಯುತ್ತಿದ್ದನೇ ಅಂತ ಆಡಳಿತಾಧಿಕಾರಿ ಕೇಳಿದರು. ಡಾಕ್ಟರ್, ಹೇಳಲಿಕ್ಕಾಗುವುದಿಲ್ಲ, ಉಳಿದವರೂ ಇದ್ದಾರೆ ಅಂದರು. ಆಮೇಲೆ ಸರ್ವರಿನ ಮಾತು ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇನ್ನೂ ಯಾರೂ ಏನೂ ಅನ್ನುವ ಮೊದಲೇ ನಾನು, ಸರ್ವರ್ ಒಂದು ನಿಮಿಷವೂ ನಿಂತಿರಲಿಲ್ಲ ಅಂದೆ. ನಿಜವೇ, ಆ ಬೆಳಿಗ್ಗೆ ನಾನೇ ನಿಲ್ಲಿಸಿ ಎಬ್ಬಿಸಿದ್ದೊಂದು ಬಿಟ್ಟರೆ ನಿಂತಿರಲಿಲ್ಲ. ಅದನ್ನೇ ಬರೆದು ಕೊಡಿ ಅಂದರು. ಬರೆದೆ. ಘಟನೆಯ ಸಮಯದಲ್ಲಿ ಸರ್ವರ್ ಚಾಲನೆಯಲ್ಲಿತ್ತು, ಸದರಿ ಸೆಂಟರಿನ ನೋಂದಣಿ ವ್ಯವಸ್ಥೆಯೂ ಜೋಡಣೆಯಲ್ಲಿತ್ತು. ಒಂದಕ್ಷರ ಸುಳ್ಳಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವಂಥ ವರದಿ. ಆಡಳಿತಾಧಿಕಾರಿ ಓದಿ ತಲೆಯಾಡಿಸಿದರು.

“ಹಂಗಾರ ಸಿಸ್ಟರ್ ಹೊತ್ತಿಗೆ ಸರಿಯಾಗಿ ಕಳ್ಸೇ ಇಲ್ಲ. ಮ್ಯಾಲೆ ವಾಟ್ಸ್ಯಾಪ್ ಬ್ಯಾರೆ ಹಾಕ್ಯಾರ. ಅವ್ರನ್ನ ಬಿಡಿಸಿಬಿಡೋದ ಚೊಲೊ,” ಅಂದರು.

ನಾನು ಬಾಯಿ ಬಿಡಲಿಲ್ಲ. ಆ ಮೌನವನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ. ಮಾಡಿದ ತಪ್ಪು ಮರೆವಿನದು, ಈ ಮೌನ ಹಾಗಲ್ಲ.

ವರದಿ ಟ್ರಸ್ಟಿನ ಸಭೆಗೆ ಹೋಗಲು ಎರಡು ದಿನವಿತ್ತು. ಪೆಟ್ಟಿಗೆ ಬದಲಿಸುವ ನೆಪದಲ್ಲಿ ಕಂಪ್ಲಿ ಕಡೆಯ ಸೆಂಟರಿಗೆ ಹೋದೆ. ನಿಜಕ್ಕೂ ನೆಪವೇ, ಅಷ್ಟು ಹೊತ್ತಿಗೆ ಆ ಪೆಟ್ಟಿಗೆಯನ್ನು ಕಣ್ಣಾರೆ ನೋಡದೆ ನಿದ್ದೆ ಬರುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ, ಮಷಿನ್ನಿನ ಪಕ್ಕದ ಕಿಟಕಿಯ ಹಲಗೆಯ ಮೇಲೆ ಅದಿತ್ತು. ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ವೈರಿನ ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು. ದೀಪ ಹಸಿರಾಗಿ ಉರಿಯುತ್ತಿತ್ತು. ಪೂಜೆಯ ಸಂಗತಿ ನನಗೆ ತಿಳಿದದ್ದು ಆಗಲೇ. ಎರಡು ದಿನ ಆರಿಸಿಟ್ಟಿದ್ದಿರಾ ಅಂತ ಕೇಳಿದೆ. ಹೌದು, ತಪ್ಪಾಯಿತೇ ಅಂದರು ನರ್ಸ್. ನವಮಿಯ ದಿನ ನಾನು ಕೈಮುಗಿದು ಕೂತ ಕೆಲಸವೂ, ಇವರು ಇಲ್ಲಿ ಕೈಮುಗಿದು ಆರಿಸಿದ ಪೆಟ್ಟಿಗೆಯೂ ಒಟ್ಟಿಗೆ ಕಣ್ಣೆದುರು ಬಂದು ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅವರು ನೀರು ತಂದುಕೊಟ್ಟರು. ಮುಖ ಬಾಡಿತ್ತು. ಮೆಟ್ರಿಯ ಹಿರಿಯರು ಬಂದು ಬಾಗಿಲಲ್ಲಿ ನಿಂತು ಕೂಗಾಡಿ ಹೋಗಿದ್ದರಂತೆ, ನೀನು ಕಳಿಸದೆ ಕೂತೆ ಅಂತ. ಕೆಲಸ ಹೋಗುತ್ತದೆ ಅಂತಲೂ ಯಾರೋ ಹೇಳಿದ್ದರು. ಆದರೆ ಅವರು ಕೇಳಿದ್ದು ಕೆಲಸದ ಮಾತಲ್ಲ.

“ಅಣ್ಣಾ, ಖರೇ ಹೇಳ್ರಿ. ನಾ ಕಳ್ಸಿದ್ದು ಹೋಗಿತ್ತೇನ್ರಿ?”

“ಮೂರು ಸಲ ಕಳ್ಸೀರಿ. ಮೂರೂ ಸಲ ನಾನ ತಡದೀನಿ,” ಅಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ, ಬೀಗ, ಪಟ್ಟಿ, ಅಳಿಸಿದ ಸಾಲು. ಟಿಕ್‌ನ ಅರ್ಥವನ್ನೂ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಮಂಚದ ತುದಿಗೆ ಕೂತರು. ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೇರೆ ಏನೋ ನೆನಸಿಕೊಳ್ಳುತ್ತಿದ್ದರು.

“ಅವ ಕೇಳಿದ, ಹೋತೇನವಾ ಅಂತ. ಹೋತಪ್ಪಾ, ಡಾಕ್ಟರ್ ನೋಡಾಕತ್ತಾರ ಅಂದೆ. ಅಷ್ಟ ಹೇಳಿದ್ದಕ್ಕ ಸಮಾಧಾನ ಆಗಿ ಇಲ್ಲೇ ಕಣ್ಮುಚ್ಚಿ ಮಲ್ಕೊಂಡ್ನ್ರಿ. ಹೋಗಿಲ್ಲ ಅಂತ ಗೊತ್ತಿದ್ರ ಎತ್ಕೊಂಡ ಓಡ್ತಿದ್ದೆ.”

ಹೊಸ ಪೆಟ್ಟಿಗೆ ಹಾಕಿದೆ. ಹಳೆಯದನ್ನು ಒರೆಸಲಿಲ್ಲ, ಹಾಗೆಯೇ ಬ್ಯಾಗಿಗೆ ಹಾಕಿಕೊಂಡೆ. ಅಲ್ಲಿಂದ ನೇರ ಆಸ್ಪತ್ರೆಗೆ ಬಂದು ಹಿಂದಿನ ವರದಿಯನ್ನು ವಾಪಸು ಪಡೆದೆ. ಹೊಸದನ್ನು ಬರೆದೆ. ಲಾಗ್‌ನ ಎಲ್ಲ ಸಾಲುಗಳನ್ನೂ ಸಮಯ ಸಮೇತ ಮುದ್ರಿಸಿ ಜೋಡಿಸಿದೆ: ಸಂಜೆ ಸಾಲು ಅಳಿಸಿದ್ದು, ಮರುದಿನದವರೆಗೂ ಪೆಟ್ಟಿಗೆ ತಿರುಗಿ ತಿರುಗಿ ಬಾಗಿಲು ತಟ್ಟಿದ್ದು, ಮತ್ತೆ ತೆರೆದದ್ದು. ಸೆಂಟರಿನ ಇಸಿಜಿ ಮಷಿನ್ನಿನಲ್ಲಿ ಮೂರು ಇಸಿಜಿ ಸರದಿಗೆ ಸೇರಿದ ಸಮಯವನ್ನೂ ಸೇರಿಸಿದೆ. ತಪ್ಪು ನನ್ನದು, ನರ್ಸಿನದಲ್ಲ. ವಾಟ್ಸ್ಯಾಪ್ ಬೇಡವೆಂದ ನೋಟಿಸಿನಲ್ಲಿ ತುರ್ತಿಗೆ ವಿನಾಯಿತಿ ಬರೆಯದೆ ಇದ್ದದ್ದೂ ನನ್ನದೇ ಅಂತ ಕೊನೆಯಲ್ಲಿ ಬರೆದೆ. ಆಡಳಿತಾಧಿಕಾರಿ ಓದಿ, ನಿಮಗೆ ತಲೆ ಕೆಟ್ಟಿದೆಯೇ ಅಂದರು. ಇಷ್ಟು ದಿನ ಕೆಟ್ಟಿತ್ತು ಅಂದೆ.

ಸಭೆಯಲ್ಲಿ ನರ್ಸಿನ ಕೆಲಸ ಉಳಿಯಿತು. ನನ್ನದೂ ಉಳಿಯಿತು, ಒಂದು ಮೆಮೊ ಸಮೇತ. ಬದಲಿಸಿದ್ದು ಕೆಲವು ಕ್ರಮಗಳನ್ನು. ಲಾಗ್ ಒಂದನ್ನೇ ನಂಬಿ ಪಟ್ಟಿ ಮಾಡುವುದು ಬಿಟ್ಟೆ. ಆರೂ ಸೆಂಟರಿಗೆ ಹೋಗಿ ಪ್ರತಿ ಕೋಣೆಯಲ್ಲಿ ಪ್ರತಿ ಪೆಟ್ಟಿಗೆಯನ್ನೂ ಕೈಯಿಂದ ಮುಟ್ಟಿ, ಹೆಸರು ಬರೆದು, ಒಂದು ಇಸಿಜಿ ಕಳಿಸಿ, ಹೊಸಪೇಟೆಯಲ್ಲಿ ಬಂತು ಅಂತ ಫೋನಿನಲ್ಲಿ ಕೇಳಿಸಿಕೊಂಡ ಮೇಲೆಯೇ ಟಿಕ್. ಇಡೀ ತಿಂಗಳು ಫಾಲ್‌ಬ್ಯಾಕ್ ಇಟ್ಟುಕೊಂಡಿದ್ದೆ. ಒಂದು ಹುಣ್ಣಿಮೆ, ಒಂದು ಅಮಾವಾಸ್ಯೆ, ಒಂದು ದೀಪಾವಳಿ ದಾಟಿ, ಹಳೆಯ ಬೀಗದಲ್ಲಿ ಒಂದು ಪೆಟ್ಟಿಗೆಯೂ ಬರುವುದಿಲ್ಲ ಅಂತಾದ ಮೇಲೆ ಅಳಿಸಿದೆ. ಈ ಸಲ ಅಳಿಸುವಾಗ ಯಾವ ಪ್ರೀತಿಯೂ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಇಷ್ಟೆಲ್ಲ ಉರಿದದ್ದು ಅಟ್ಟ ಮೇಲೆಯೇ.

ಮೆಟ್ರಿಗೆ ಹೋಗಬೇಕು ಅಂದದ್ದು ನರ್ಸ್. ಊರಿನವರಿಗೆ ಸಭೆಯ ತೀರ್ಮಾನ ತಿಳಿದಿದ್ದರೂ, ನೀರಗಂಟಿಯ ಹೆಂಡತಿಗೆ ಯಾರೂ ಬಿಡಿಸಿ ಹೇಳಿಲ್ಲ, ನಾನೇ ಹೇಳಿದರೆ ನಂಬುವುದಿಲ್ಲ, ನೀವು ಬನ್ನಿ ಅಂದರು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಗದ್ದೆಗಳಲ್ಲಿ ಕೊಯ್ಲಿನ ಮಷಿನ್ ಓಡುತ್ತಿತ್ತು. ನೀರಗಂಟಿಯ ಹೆಂಡತಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನರ್ಸನ್ನು ಕಂಡು ಮುಖ ಬಿಗಿಯಾಯಿತು. ಆದರೂ ಚಾಪೆ ಹಾಸಿ, ಕುಂದ್ರಿ ಅಂದಳು.

ನಾನು ಹೇಳಿದೆ. ಸೈಫರ್, ಸರ್ವರ್ ಅನ್ನದೆ, ಅವಳಿಗೆ ತಿಳಿಯುವ ಹಾಗೆ. ಸಿಸ್ಟರ್ ಮೂರು ಸಲ ಕಳಿಸಿದ್ದರು, ದಾರಿಯನ್ನು ನಾನು ಹಿಂದಿನ ಸಂಜೆ ಮುಚ್ಚಿದ್ದೆ, ಅಲ್ಲಿ ಇನ್ನೊಂದು ಪೆಟ್ಟಿಗೆ ಇರುವುದನ್ನು ಮರೆತಿದ್ದೆ. ಅವಳು ಭತ್ತದ ಮೇಲೆ ಕೈ ಆಡಿಸುತ್ತಾ ಕೇಳಿದಳು. ಮುಗಿದ ಮೇಲೆ ನರ್ಸಿನ ಕಡೆ ತಿರುಗಿ, ತಪ್ಪು ತಿಳಿದೆನವ್ವಾ ಅಂದಳು. ನರ್ಸ್ ಅವಳ ಕೈ ಹಿಡಿದುಕೊಂಡು ಅತ್ತರು. ಅವಳು ಅಳಲಿಲ್ಲ. ಆಮೇಲೆ ನನ್ನನ್ನು ಕೇಳಿದಳು.

“ಚಲೋ ನಡದಿದ್ದ ದಾರಿ ಯಾಕ ಮುಚ್ಚಿದ್ರಿ?”

ರೋಗಿಗಳ ಕಾಗದವನ್ನು ದಾರಿಯಲ್ಲಿ ಯಾರೂ ಕದಿಯಬಾರದು, ಹಳೆಯ ಬೀಗ ಸಡಿಲಾಗಿತ್ತು, ಗಟ್ಟಿ ಬೀಗ ಹಾಕಲಿಕ್ಕೆ ಅಂತ ಹೇಳಿದೆ. ಅವಳು ಅದನ್ನು ಅರ್ಥ ಮಾಡಿಕೊಳ್ಳಲು ನಿಜವಾಗಿ ಪ್ರಯತ್ನಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ಕೇಳುವ ದನಿ ಅದು.

“ನನ್ನ ಗಂಡನ ಎದಿ ಕಾಗದ ಯಾರ್ ಕದೀತಿದ್ರು ಅಣ್ಣಾ?”

ನನ್ನ ಹತ್ತಿರ ಉತ್ತರವಿತ್ತು. ಕದಿಯುವವರು ಇದ್ದಾರೆ, ಆಸ್ಪತ್ರೆಗಳ ಕಾಗದಗಳನ್ನೇ ಕಾಯುತ್ತಾ ಕೂತಿರುವವರು ಇದ್ದಾರೆ, ಇಂದಿಗೂ ನಾನು ಹಾಕುವ ಪ್ರತಿ ಪೆಟ್ಟಿಗೆಗೆ ಗಟ್ಟಿ ಬೀಗವನ್ನೇ ಹಾಕುತ್ತೇನೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಯಾರೂ ಇಲ್ರಿ ಅಕ್ಕಾ,” ಅಂದೆ.